ನಾವೇ ಹೂತ ಕೇಬಲ್ಲು

ಅಣ್ಣಾ,

ಅಡುಗೆ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ಊಟ ಮಾಡು. ಅಪ್ಪಂಗೆ ಊಟ ಆದ್ಮೇಲೆ ಮಾತ್ರೆ ಕೊಡು, ಮರೀಬೇಡ. ನಾನು ಸಂಘದ ಸಭೆಗೆ ಹೊರಟೆ. ಸಂಘದಿಂದ ನಾವೇ ಹಾಕಿರೋ ಊರಿನ ಇಂಟರ್ನೆಟ್ಟು ನಡೆಸೋದಾ, ಮುಚ್ಚೋದಾ ಅಂತ ಇವತ್ತು ತೀರ್ಮಾನ.

ಬೆಳಿಗ್ಗೆ ಟೈಲರಕ್ಕನೂ ನಮ್ಮ ಲೈನು ಬೇಡ ಅಂದ್ರು. ಯಾಕಕ್ಕಾ ಅಂತ ಕೇಳಿದ್ರೆ, "ನಿಮ್ಮಣ್ಣನೇ ಇಂಟರ್ನೆಟ್ ಕಂಪನಿಯವರನ್ನ ಕರ್ಕೊಂಡು ಬಂದು, ಇದೇ ಒಳ್ಳೇದು ತಗೊಳ್ಳಿ ಅಂದನಲ್ಲ!" ಅಂದ್ರು. ನಾಚಿಕೆಯಿಂದ ತಲೆ ಎತ್ತೋಕಾಗ್ಲಿಲ್ಲ.

ನಾಲ್ಕು ಮನೆಗೋಸ್ಕರ ಅಷ್ಟು ದೂರ ತಂತಿ ಎಳೆಯಲ್ಲ ಅಂತ ನಮ್ಮನ್ನ ಬಾಗಿಲಿಂದಲೇ ಅಟ್ಟಿದ್ದು ಇದೇ ಕಂಪನಿ ತಾನೆ? ಊರವರೆಲ್ಲ ಸೇರಿ ನೆಲ ಅಗೆದು ಕೇಬಲ್ಲು ಹೂತಾಗ ನೀನೂ ಗುದ್ದಲಿ ಹಿಡಿದಿದ್ದೆ. ಈಗ ಅವರು ಆರು ತಿಂಗಳು ಪುಕ್ಕಟೆ ಅಂತ ಬಂದ್ರು, ನೀನು ಅವರ ಏಜೆಂಟಾದೆ. ನನ್ನನ್ನ ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಆಡ್ಕೋತಿದ್ದೆ. ಈಗ ನೋಡು, ಮನೆಗೂ ನೀನೇ ಮಾರಿ, ಊರಿಗೂ ನೀನೇ.

ಕೆಲಸ ಬೇಕಿತ್ತು ಅಂತೀಯ, ಗೊತ್ತು. ಅದನ್ನ ನನ್ನ ಮುಖ ನೋಡಿ ಹೇಳಿದ್ದಿದ್ರೆ ಜಗಳ ಆಡಿ ಸುಮ್ಮನಾಗ್ತಿದ್ದೆ.

ಮಧ್ಯಾಹ್ನ ನಮ್ಮನೆಗೂ ಅವರ ಪೆಟ್ಟಿಗೆ ಕೂರಿಸೋಕೆ ಬರ್ತಾರಂತೆ. ನನ್ನ ರೂಮಿನ ಗೋಡೆಗೆ ತೂತು ಕೊರೆಸಿದ್ಯೋ, ನೋಡು ಮತ್ತೆ.

ಕೇಬಲ್ಲು ಹೋಗ್ಲಿ ಅಂತ ಕೈಯಾರೆ ಬೇಲಿ ಕಿತ್ತು ದಾರಿ ಬಿಟ್ಟಿದ್ದು ಅಪ್ಪ. ಅಪ್ಪಂಗೆ ಇನ್ನೂ ಇದ್ಯಾವುದೂ ಗೊತ್ತಿಲ್ಲ. ನಾನಂತೂ ಹೇಳಲ್ಲ. ನಾನು ವಾಪಸ್ ಬರೋದ್ರೊಳಗೆ ನೀನೇ ಹೇಳಿರು.