ನೀವು ಏರಿಸಿದ ಒತ್ತಡ, ನನ್ನ ಅಕ್ಕನ ಕಣ್ಣು

ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರರೇ,

ನಿಮ್ಮ ನೀರು ನನ್ನ ಅಕ್ಕನ ಬಲಗಣ್ಣನ್ನು ಒಡೆದಿದೆ. ಇದು ಅಲಂಕಾರದ ಮಾತಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮನೆಯಲ್ಲೇ ಬಟ್ಟೆ ಹೊಲಿಯುವ ಅಕ್ಕ ಕೈಗಂಟಿದ ಸೀಮೆಸುಣ್ಣ ತೊಳೆಯಲು ಬೇಸಿನ್ನಿನ ಮೇಲೆ ಬಾಗಿದಳು. ತೊಳೆದು, ನಲ್ಲಿಯನ್ನು ಪಟ್ಟನೆ ಮುಚ್ಚಿದಳು. ನಲ್ಲಿಯ ಹಿತ್ತಾಳೆ ತಲೆ ಕಿತ್ತು ಗುಂಡಿನಂತೆ ಹಾರಿ ಅವಳ ಮುಖಕ್ಕೆ ಬಡಿಯಿತು. ನಾನು ಓಡಿಹೋದಾಗ ನೀರು ಛಾವಣಿಗೆ ಗುದ್ದಿ ಗಾರೆ ಉದುರಿಸುತ್ತಿತ್ತು. ಅಕ್ಕ ನೆಲದ ಮೇಲೆ ಮುಖ ಮುಚ್ಚಿ ಕೂತಿದ್ದಳು. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು. "ಮೊದ್ಲು ನೀರು ನಿಲ್ಸೇ, ಗಿರಾಕಿ ಬಟ್ಟೆ ನೆನೆಯುತ್ತೆ" ಎಂದಳು. ಸಂಜೆ ವೈದ್ಯರು ಆ ಕಣ್ಣುಗುಡ್ಡೆಯನ್ನೇ ತೆಗೆದರು.

ನಿಮ್ಮ ದೂರಿನ ನಮೂನೆಯಲ್ಲಿ ಮೂರೇ ಆಯ್ಕೆಗಳಿವೆ: ನೀರು ಬರುತ್ತಿಲ್ಲ, ಕಡಿಮೆ ಬರುತ್ತಿದೆ, ಕೊಳಕಾಗಿದೆ. ನೀರು ಬಂದು ಹೊಡೆಯಿತು ಎನ್ನುವವರಿಗೆ ಜಾಗವಿಲ್ಲ. ಬೇರೆ ದಾರಿಯಿಲ್ಲದೆ 'ಕಡಿಮೆ' ಎಂದು ಗುರುತಿಸಿ, ಕೆಳಗೆ ನಡೆದದ್ದನ್ನು ಬರೆದೆ. ಎರಡು ದಿನದ ಮೇಲೆ ನಿಮ್ಮ ಪರಿಶೀಲಕರು ಬಂದು ಅಂಗಳದ ನಲ್ಲಿ ತಿರುಗಿಸಿ ನೋಡಿದರು.

"ಒಳ್ಳೆ ಫೋರ್ಸ್ ಇದೆಯಲ್ಲಮ್ಮ. ಇನ್ನೇನು ಬೇಕು ನಿಮ್ಗೆ?"

ಅವರು ಗೇಟು ದಾಟುವ ಮೊದಲೇ ನನ್ನ ಫೋನಿಗೆ ಸಂದೇಶ ಬಂತು: ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆ. ಯಾರಿಗೆ ತೃಪ್ತಿಕರವಾಗಿ? ನಲ್ಲಿ ಬಿಗಿಯಲು ತಂದಿದ್ದ ಸ್ಪ್ಯಾನರ್ ನನ್ನ ಕೈಯಲ್ಲಿತ್ತು. ಅದನ್ನು ಅವರ ತಲೆಗೆ ಗುರಿಯಿಟ್ಟು ಎಸೆಯಬೇಕೆನಿಸಿತು. ಎಸೆಯದೆ ಇದ್ದದ್ದು ಸಭ್ಯತೆಯೋ ಹೇಡಿತನವೋ, ನನಗೆ ಇನ್ನೂ ತಿಳಿದಿಲ್ಲ.

ನನ್ನ ಪಾಲಿನ ತಪ್ಪನ್ನೂ ಇಲ್ಲಿ ಹೇಳಬೇಕು. ಈ ಬೀದಿಯ ಮನೆಗಳನ್ನು ಕಟ್ಟುವಾಗ, ನೀರು ಒಳಬರುವ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಕೂರಿಸಿದ್ದರು. ಮೂರು ವರ್ಷದ ಹಿಂದೆ ನೀರು ದಾರದಷ್ಟು ಸಣ್ಣಗೆ ಬರತೊಡಗಿದಾಗ ನಿಮ್ಮದೇ ಮೀಟರ್ ಓದುವವರು ಉಪದೇಶ ಮಾಡಿದರು: "ಆ ವಾಲ್ವ್ ಕಿತ್ತು ಹಾಕ್ಸಿ ಮೇಡಂ, ಬರೋ ಚೂರು ನೀರನ್ನೂ ಅದೇ ತಡೀತಿದೆ." ಇಡೀ ಬೀದಿ ಕಿತ್ತು ಹಾಕಿಸಿತು. ಬೇಡವೆಂದವಳು ಅಕ್ಕ ಒಬ್ಬಳೇ.

"ಕಟ್ಟಿದೋರು ಶೋಕಿಗೆ ಇಟ್ಟಿರ್ತಾರಾ ಅದನ್ನ?"

"ನೀನು ಬಟ್ಟೆ ನೋಡ್ಕೋ, ಪೈಪು ನಾನು ನೋಡ್ಕೋತೀನಿ" ಎಂದೆ. ನೋಡಿಕೊಂಡದ್ದು ಹೀಗೆ.

ಆಮೇಲೆ ನೀವು ಹೊಸ ಪಂಪ್ ಹಾಕಿದಿರಿ. ರಿಬ್ಬನ್ ಕತ್ತರಿಸಿದ ಫೋಟೋ ಮನೆಮನೆ ತಲುಪಿತು, ಒತ್ತಡ ಏರುತ್ತದೆ ಎಂಬ ಒಂದು ಸಾಲಿನ ಚೀಟಿ ಮಾತ್ರ ತಲುಪಲಿಲ್ಲ. ನಲ್ಲಿ ಮುಚ್ಚಿದಾಗಲೆಲ್ಲ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು. ಹರಿಯುವ ನೀರನ್ನು ತಟ್ಟನೆ ತಡೆದರೆ ಅದು ತನ್ನ ಪೂರ್ತಿ ತೂಕದಿಂದ ಪೈಪಿಗೆ ಗುದ್ದುತ್ತದೆ ಎಂದು ಪ್ಲಂಬರ್ ನನಗೆ ಹೇಳಿದ್ದು ಅಕ್ಕ ಆಸ್ಪತ್ರೆಯಲ್ಲಿದ್ದಾಗ. ಅಲ್ಲಿಯವರೆಗೆ ನಾನು ಆ ಸದ್ದನ್ನು ಕೇಳುತ್ತಲೇ, ಷವರಿನ ಕೆಳಗೆ ನಿಂತು ಹಿಗ್ಗುತ್ತಿದ್ದೆ. ಪ್ಲಂಬರ್ ಅಂಗಳದ ನಲ್ಲಿಗೆ ಒತ್ತಡದ ಮಾಪಕ ಸಿಕ್ಕಿಸಿದರು. ಮನೆಯ ನಲ್ಲಿಗಳಿಗೆ ಮೂರು ಬಾರ್ ಒತ್ತಡ ಸಾಕಂತೆ. ಮುಳ್ಳು ಒಂಬತ್ತರಲ್ಲಿ ನಡುಗುತ್ತಿತ್ತು.

ವಾಲ್ವ್ ಕೀಳಿಸಿದ್ದು ನಾನು, ನಿಜ. ಕೀಳಿ ಎಂದು ಮನೆಮನೆಗೆ ಹೇಳಿಸಿ, ಕಿತ್ತಿದ್ದನ್ನು ಮರೆತು, ಒತ್ತಡವನ್ನು ಬೇಕಾದುದರ ಮೂರು ಪಟ್ಟಿಗೆ ಏರಿಸಿದವರು ಯಾರು?

ಮುಂದಿನ ಒಂದನೇ ತಾರೀಖಿಗೆ ಎರಡನೇ ಪಂಪ್ ಶುರುವಾಗುತ್ತದೆಂದು ನಿಮ್ಮ ಪ್ರಕಟಣೆ ಹೇಳುತ್ತದೆ. ನಮ್ಮ ಮನೆಗೆ ವಾಲ್ವ್ ಮತ್ತೆ ಬಂದಿದೆ. ಉಳಿದ ಹತ್ತೊಂಬತ್ತು ಮನೆಗಳಿಗೆ ಇಲ್ಲ. ಎದುರು ಮನೆಯ ಗೀಸರ್ ಮೊನ್ನೆ ಇಟ್ಟಿಗೆಯ ಸಮೇತ ಗೋಡೆಯಿಂದ ಕಿತ್ತು ಬಿತ್ತು. ಆಗ ಬಚ್ಚಲಲ್ಲಿ ಯಾರೂ ಇರಲಿಲ್ಲ, ಅಷ್ಟೇ. ನಾನು ಬಾಗಿಲು ಬಾಗಿಲು ತಟ್ಟಿ ಹೇಳಿದೆ. ಆ ಮನೆಯಾಕೆಯೇ, "ಗೀಸರ್ ಹಳೇದಿತ್ತು ಬಿಡಿ. ಈಗ ತಾನೇ ನೀರಿನ ಮುಖ ಕಾಣ್ತಿದೀವಿ, ನಿಮ್ಮ ಮಾತು ಕೇಳಿ ಮತ್ತೆ ಬಿರಡೆ ಹಾಕ್ಕೊಳ್ಳೋದಾ?" ಎಂದರು. ಮೂರು ವರ್ಷದ ಹಿಂದಿನ ನಾನೇ ಬಾಗಿಲಲ್ಲಿ ನಿಂತು ಮಾತಾಡಿದಂತಿತ್ತು. ಅವರು ನನ್ನನ್ನು ನಂಬುವುದಿಲ್ಲ. ನಿಮ್ಮ ಮೊಹರನ್ನು ನಂಬುತ್ತಾರೆ.

ಆದ್ದರಿಂದ ಎರಡನೇ ಪಂಪ್ ನಿಲ್ಲಿಸಿ. ಈ ಬೀದಿಯ ಒತ್ತಡವನ್ನು ಇವತ್ತೇ ಇಳಿಸಿ. ಮಾಪಕ ಹಿಡಿದ ನಿಮ್ಮ ಜನರನ್ನು ಮನೆಮನೆಗೆ ಕಳಿಸಿ, ಕೀಳಿಸಿದ ವಾಲ್ವುಗಳನ್ನು ಮತ್ತೆ ಕೂರಿಸಿ, ಆಮೇಲೆ ಬೇಕಾದಷ್ಟು ಪಂಪ್ ಹಾಕಿ. ಇಲ್ಲವಾದರೆ ಒಂದನೇ ತಾರೀಖು ಬೆಳಿಗ್ಗೆ ಪಂಪ್‌ಹೌಸಿನ ಬಾಗಿಲಲ್ಲಿ ನಾವಿಬ್ಬರೂ ಇರುತ್ತೇವೆ. ಅಕ್ಕ ಕಣ್ಣಿನ ಪಟ್ಟಿ ಬಿಚ್ಚಿಕೊಂಡೇ ಬರುತ್ತಾಳಂತೆ. ಗುಂಡಿ ಒತ್ತುವವರು ಅವಳ ಮುಖ ನೋಡಿ ಒತ್ತಲಿ.

ಇಂತಿ,
ತನ್ನ ತಪ್ಪಿಗೆ ಸಹಿ ಹಾಕಿ, ನಿಮ್ಮ ಸಹಿಗೆ ಕಾದಿರುವ ತಂಗಿ