ಎಂಟು ಮಕ್ಕಳು, ಒಂದು ಹಿಮದ ಇಳಿಜಾರು

ಕುರಾಕೌತಿನ್
ಆಗಸ್ಟ್ 16, 1998, ಭಾನುವಾರ

ನನ್ನ ಮುದ್ದಿನ ದಾಮಾರಿಸ್,

ಈ ಕಾಗದ ಓದುವ ಮೊದಲು ಒಂದು ಕಡೆ ಕೂತುಕೋ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿಬಿಡು. ಹೆದರಬೇಡ, ಕೆಟ್ಟ ಸುದ್ದಿಯಲ್ಲ. ನಿನ್ನ ಅಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಸ್ಕೀ ಟೀಚರ್ ಆಗಿದ್ದಾಳೆ!

ನಗಬೇಕೆನಿಸಿದರೆ ನಕ್ಕುಬಿಡು. ಇಲ್ಲಿ ಎಲ್ಲರೂ ನಕ್ಕು ಮುಗಿಸಿದ್ದಾರೆ.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಮೊಣಕಾಲು ಊದಿದೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ನೀನು ಅಲ್ಲಿಂದ ಮುಲಾಮು ಕಳಿಸಿದಾಗ ನನಗೆ ಎಷ್ಟು ನಾಚಿಕೆಯಾಯಿತು ಗೊತ್ತೇ? ನಾನು ಬಿದ್ದದ್ದು ಹಿಮದ ಮೇಲೆ, ಸ್ಕೀ ಕಟ್ಟಿಕೊಂಡು. ಎರಡು ಚಳಿಗಾಲದಿಂದ ಕದ್ದು ಕಲಿಯುತ್ತಿದ್ದೇನೆ.

ಹತ್ತೊಂಬತ್ತು ಚಳಿಗಾಲ ನಾನು ಸ್ಕೀ ಶಾಲೆಯ ಆ ಕ್ಯಾಂಟೀನಿನಲ್ಲಿ ಕುಂಬಳಕಾಯಿ ಬೆರೆಸಿದ ಹಿಟ್ಟಿನ ಸೋಪಾಯ್‌ಪಿಯಾ ಕರಿದಿದ್ದೇನೆ. ಬಾಣಲೆಯ ಎದುರಿನ ಕಿಟಕಿಯಿಂದ ಕಾಣುವುದು ಒಂದೇ, ಮಕ್ಕಳು ಕಲಿಯುವ ಇಳಿಜಾರು. ಮೊಣಕಾಲು ಬಗ್ಗಿಸಿ, ಕೈ ಮುಂದಿಡಿ, ಕೆಳಗೆ ನೋಡಬೇಡಿ, ದೂರ ನೋಡಿ. ಆ ಪಾಠವೆಲ್ಲ ನನಗೆ ಬಾಯಿಪಾಠ. ಕಾಲಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಒಂದು ಸಂಜೆ, ಸ್ಕೀ ಮಾಡುವವರನ್ನು ಮೇಲಕ್ಕೆಳೆಯುವ ಹಗ್ಗ ನಿಂತ ಮೇಲೆ, ಸ್ಕೀ ಬಾಡಿಗೆಗೆ ಕೊಡುವ ಕೋಣೆಯಲ್ಲಿ ಯಾರಿಗೂ ಬೇಡದೆ ಬಿದ್ದಿದ್ದ ಹಳೆಯ ಜೋಡಿಯೊಂದನ್ನು ಕಟ್ಟಿಕೊಂಡು ಹೊರಟೆ. ಹತ್ತು ಮಾರು ದೂರವೂ ಹೋಗಿರಲಿಲ್ಲ, ಆ ಎಳೆಯುವ ಹಗ್ಗ ನಡೆಸುವ ರುಪೆರ್ತೊ ತನ್ನ ಗೂಡಿನಿಂದ ತಲೆ ಹೊರಗೆ ಹಾಕಿದ.

"ಏನೇ ನೊಲ್ಫಾ, ಹಿಟ್ಟಿನ ಮೂಟೆ ಉರುಳಿದ ಹಾಗೆ ಬರ್ತಿದ್ದೀಯಲ್ಲೇ!"

"ಮೂಟೆ ಆದ್ರೇನು, ಕದಲ್ತಾ ಇದೀನಲ್ಲ. ನೀನು ಮೂವತ್ತು ವರ್ಷದಿಂದ ಅಲ್ಲೇ ನೆಟ್ಟ ಕಂಬ" ಎಂದೆ.

ಅವನಿಗೆ ಅದು ಎಲ್ಲಿ ತಾಗಿತೋ, ಮರುದಿನದಿಂದ ನನ್ನೊಬ್ಬಳಿಗಾಗಿ ಅರ್ಧ ಗಂಟೆ ಹೆಚ್ಚು ಹಗ್ಗ ಓಡಿಸಿದ. ದಿನಕ್ಕೆ ಎರಡು ಬಿಸಿ ಸೋಪಾಯ್‌ಪಿಯಾ ಅವನ ಕರಾರು.

ಈ ಜುಲೈಯಲ್ಲಿ ಚಿಕ್ಕ ಮಕ್ಕಳ ಟೀಚರ್ ವಾಹನ ನಿಲ್ಲಿಸುವ ಜಾಗದಲ್ಲಿ ಫುಟ್‌ಬಾಲ್ ಆಡಿ ಕಾಲು ಮುರಿದುಕೊಂಡ. ನೋಡು, ಇಡೀ ಪರ್ವತ ಇಳಿದವನು ಚೆಂಡಿಗೆ ಸೋತ! ಅವನ ತರಗತಿಯಲ್ಲಿ ಮಂಗಳವಾರ, ಬುಧವಾರ ನಮ್ಮ ಕಣಿವೆಯ ಶಾಲೆಯ ಎಂಟು ಮಕ್ಕಳಿಗೆ ಉಚಿತ ಪಾಠವಿತ್ತು. ಸೌದೆ ಕಡಿಯುವವರ, ಹೋಟೆಲಿನ ಹಾಸಿಗೆಬಟ್ಟೆ ಒಗೆಯುವವರ ಮಕ್ಕಳು. ಜ್ವಾಲಾಮುಖಿಯ ಬುಡದಲ್ಲೇ ಹುಟ್ಟಿದ್ದಾರೆ, ಆದರೂ ಸ್ಕೀ ಮುಟ್ಟಿ ನೋಡಿದವರಲ್ಲ. ನೀನೂ ಮುಟ್ಟಲಿಲ್ಲವಲ್ಲ, ಮಗಳೇ. ಸ್ಕೀ ಶಾಲೆಯ ಮುಖ್ಯಸ್ಥರು ದೊನ್ ಎರಿಬೆರ್ತೊ ಆ ಪಾಠವನ್ನೇ ನಿಲ್ಲಿಸುತ್ತಾರೆಂದು ಕೇಳಿ, ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಅವರ ಕೋಣೆಗೆ ನುಗ್ಗಿದೆ.

"ಸೆನ್ಯೋರಾ, ನೀವು ಅಡುಗೆಯವರು" ಎಂದರು, ಪಾಪ, ಮರ್ಯಾದೆಯಿಂದಲೇ.

"ಹೌದು. ಅಡುಗೆ ಮಾಡ್ತಾನೇ ನಿಮ್ಮ ಪಾಠ ಹತ್ತೊಂಬತ್ತು ವರ್ಷ ಕೇಳಿದೀನಿ. ಒಂದ್ಸಲ ನೋಡಿ, ಆಮೇಲೆ ಬೇಡ ಅನ್ನಿ."

ಮೂರು ಸಲ ಇಳಿಸಿದರು. ಬೇಕೆಂದೇ ಬೀಳಿಸಿ ಏಳಿಸಿದರು. ಹಿಮ್ಮುಖವಾಗಿ ಜಾರಿಸಿದರು. ಕೊನೆಗೆ ಮೀಸೆಯಡಿ ನಗುತ್ತ, "ಬೀಳೋದನ್ನಂತೂ ತುಂಬ ಚೆನ್ನಾಗಿ ಕಲ್ತಿದ್ದೀರಿ. ಮಕ್ಕಳಿಗೆ ಮೊದ್ಲು ಬೇಕಾಗಿರೋದೂ ಅದೇ" ಎಂದರು. ಆಗಸ್ಟ್ ಮುಗಿಯುವವರೆಗೆ, ವಾರಕ್ಕೆ ಎರಡು ದಿನ!

ದಾಮಾರಿಸ್, ಆ ಎರಡು ದಿನಗಳಿಗಾಗಿ ನಾನು ವಾರವೆಲ್ಲ ಕಾಯುತ್ತೇನೆ. ಸ್ಕೀಯ ತುದಿ ಕೂಡಿಸಿ ಹಿಮ್ಮಡಿ ಅಗಲಿಸಿದರೆ ವೇಗ ಕಡಿಮೆಯಾಗುತ್ತದೆ. ಅದನ್ನು ಹೇಗೆ ಹೇಳಿದರೂ ಮಕ್ಕಳ ತಲೆಗೆ ಹತ್ತಲಿಲ್ಲ. ಕೊನೆಗೆ, ಮುಕ್ಕೋನವಾಗಿ ಕತ್ತರಿಸಿದ ಕುಚೆನ್ ಕೇಕಿನ ತುಂಡಿನ ಹಾಗೆ ಮಾಡಿ ಎಂದೆ. ಹಣ್ಣಿನ ಕುಚೆನ್ ಯಾರಿಗೆ ಗೊತ್ತಿಲ್ಲ? ಈಗ ಇಳಿಜಾರಿನಲ್ಲಿ ನಾನು "ಕುಚೆನ್!" ಎಂದು ಕೂಗಿದರೆ ಎಂಟು ಜೊತೆ ಕಾಲೂ ಅಗಲವಾಗುತ್ತವೆ. ಪಕ್ಕದಲ್ಲಿ ಸಾಂತಿಯಾಗೊದಿಂದ ಬಂದ ದೊಡ್ಡವರೂ ಗಾಬರಿಯಿಂದ ನಿಲ್ಲುತ್ತಾರೆ.

ಮೊನ್ನೆ ಬುಧವಾರದ ಸಂಗತಿ ಹೇಳುತ್ತೇನೆ, ಬೇರೆಯವರ ಬಾಯಿಂದ ನಿನಗೆ ತಲುಪುವುದು ಬೇಡ. ಬೆಳಿಗ್ಗೆ ಜ್ವಾಲಾಮುಖಿಯ ತುದಿಯಲ್ಲಿ ಮೋಡವಿತ್ತು. ದೊನ್ ಎರಿಬೆರ್ತೊ ನೋಡಿದರು, ನಾನೂ ನೋಡಿದೆ. ಒಂದು ಸುತ್ತು ಹೋಗಿ ಬರಬಹುದು ಎಂದುಕೊಂಡೆವು. ಅದು ನಮ್ಮಿಬ್ಬರ ತಪ್ಪು. ಮಕ್ಕಳೊಂದಿಗೆ ಇಳಿಜಾರಿನ ತಲೆ ಮುಟ್ಟಿದ ಕೂಡಲೇ ಹಿಮ ತೂರುವ ಬಿಳಿಗಾಳಿ ಎದ್ದಿತು. ನನ್ನ ಕಾಲಿನ ಸ್ಕೀ ನನಗೇ ಕಾಣಲಿಲ್ಲ. ಎಳೆಯುವ ಹಗ್ಗ ನಿಂತಿತು. ಇಳಿಯುವಾಗ ಬಲಕ್ಕೆ ಹಳ್ಳದ ಕಮರಿ ಇದೆ, ನಿನಗೆ ನೆನಪಿರಬಹುದು.

ನನ್ನ ಕೈ ರೇಡಿಯೋದಲ್ಲಿ ರುಪೆರ್ತೊ, "ಅಲ್ಲೇ ಇರು, ಕದಲಬೇಡ. ರಕ್ಷಣೆಯವ್ರು ಆಚೆ ಬೆಟ್ಟದಲ್ಲಿದಾರೆ, ಮುಕ್ಕಾಲು ಗಂಟೆ ಆಗತ್ತೆ" ಎಂದ.

ಮಕ್ಕಳ ಕೈಯಲ್ಲಿದ್ದದ್ದು ಉಣ್ಣೆಯ ಗವಸು, ಒದ್ದೆಯಾಗಿ ಆಗಲೇ ಗಟ್ಟಿಯಾಗುತ್ತಿತ್ತು. ಮುಕ್ಕಾಲು ಗಂಟೆ ಕಾಯುವುದು ಆಗುವ ಮಾತಲ್ಲ. ಸ್ಕೀ ಬಿಚ್ಚಿ ನಡೆಸೋಣವೆಂದರೆ ಹೊಸ ಹಿಮ ಅವರ ಸೊಂಟದವರೆಗೆ ಇತ್ತು. ಇಳಿಯಲೇಬೇಕು, ಆದರೆ ಯಾವ ಕಡೆಗೆ?

"ರುಪೆರ್ತೊ, ಎರ್ಮೆಲಿಂದಾಗೆ ಹೇಳು, ದೊಡ್ಡ ಹಂಡೆ ಹೊರಗೆ ತಂದು ಸೌಟಿಂದ ಬಾರಿಸ್ಲಿ. ನಾವು ಬರೋವರೆಗೂ ನಿಲ್ಲಿಸ್ಬಾರ್ದು."

"ಇದೇನೇ, ಊಟಕ್ಕೆ ಕರೀತೀಯಾ?"

"ಹೂಂ ಕಣೋ, ಊಟಕ್ಕೇ! ಬೇಗ ಓಡು!"

ನನ್ನ ಜೊತೆ ಅಡುಗೆ ಮಾಡುವ ಎರ್ಮೆಲಿಂದಾಳ ತೋಳಿನ ಬಲ ನೀನು ಕಂಡಿಲ್ಲ. ಸ್ವಲ್ಪ ಹೊತ್ತಿಗೆ ಗಾಳಿಯ ಒಳಗಿಂದ ಢಣ್, ಢಣ್ ಎಂದು ಕೇಳಿಸಿತು. ಅಂಚಿನ ಗೂಟಗಳಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಎಲ್ಲರ ಕೈಗೂ ಕೊಟ್ಟೆ. ಎಲ್ಲರಿಗಿಂತ ಚಿಕ್ಕವಳು ಸುಯೆಲಿ, ಆರು ವರ್ಷ. ಅವಳನ್ನು ನನ್ನ ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ಮುಂದೆ ನಾನು, ಹಿಂದೆ ಉಳಿದವರು. ಹತ್ತು ಮಾರಿಗೊಮ್ಮೆ "ಕುಚೆನ್!" ಎಂದು ನಿಲ್ಲಿಸಿ ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆ. ಎಂಟೂ ಜನ ಓಗೊಟ್ಟ ಮೇಲೆಯೇ ಮುಂದಿನ ಹೆಜ್ಜೆ.

ಅರ್ಧ ದಾರಿಯಲ್ಲಿ ಹಂಡೆಯ ಸದ್ದು ನಿಂತುಹೋಯಿತು.

ನಾನೂ ನಿಂತೆ. ಎಡ ಯಾವುದು, ಬಲ ಯಾವುದು, ಏನೂ ತಿಳಿಯಲಿಲ್ಲ. ಸುಯೆಲಿ ತಲೆಯೆತ್ತಿ, "ನೊಲ್ಫಾ ಅತ್ತೆ, ಊಟ ಮುಗಿದುಹೋಯ್ತಾ?" ಎಂದಳು.

"ನಮ್ಮನ್ನ ಬಿಟ್ಟು ಮುಗಿಸೋಕೆ ಅವರಿಗೆ ಧೈರ್ಯ ಇಲ್ಲ ಕಣಮ್ಮ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಎಷ್ಟು ಹೊತ್ತೋ ಕಾಣೆ, ಮತ್ತೆ ಢಣ್ ಎಂದಿತು. ಎರ್ಮೆಲಿಂದಾ ಕೈ ಬದಲಿಸಿದ್ದಳಂತೆ, ಅಷ್ಟೇ! ಸದ್ದು ಎದುರಿಗಲ್ಲ, ನನ್ನ ಎಡಕ್ಕೆ ಕೇಳಿಸಿತು. ಅಂದರೆ ನಾನು ಆಗಲೇ ಕಮರಿಯ ಕಡೆ ಮುಖ ಮಾಡಿದ್ದೆ.

ಕೆಳಗೆ ಮುಟ್ಟಿದಾಗ ರುಪೆರ್ತೊ ಒಬ್ಬೊಬ್ಬರನ್ನೂ ಟೊಪ್ಪಿಗೆಯಿಂದ ಹಿಡಿದು ಒಳಗೆ ಎಳೆದುಕೊಂಡ. ಎಂಟು. ಮಕ್ಕಳು ಒಲೆಯ ಮುಂದೆ ಕೂತು ಬಿಸಿ ಚಾಕೊಲೇಟ್ ಕುಡಿಯುತ್ತ "ಇನ್ನೊಂದ್ಸಲ ಹೋಗೋಣ ಅತ್ತೆ" ಎಂದರು! ಎರ್ಮೆಲಿಂದಾಳ ಹಂಡೆಯ ಒಂದು ಕಡೆ ಪೂರ್ತಿ ತಗ್ಗಿಹೋಗಿದೆ.

ದೊನ್ ಎರಿಬೆರ್ತೊ ಶುಕ್ರವಾರ ಕರೆಸಿ, "ಗೂಟದ ಹಗ್ಗ ಬಿಚ್ಚೋದು ನಿಯಮಕ್ಕೆ ವಿರುದ್ಧ" ಎಂದರು. "ಹೌದು" ಎಂದೆ. "ಮೋಡ ನೋಡಿಯೂ ಮೇಲೆ ಕಳಿಸಿದ್ದು ನನ್ನ ತಪ್ಪು" ಎಂದರು. ಅದಕ್ಕೂ ಹೌದು ಎಂದೆ. ಆಮೇಲೆ ಒಂದು ಕಾಗದ ನನ್ನ ಕಡೆ ಸರಿಸಿದರು. ಮುಂದಿನ ಚಳಿಗಾಲದಿಂದ ಇಡೀ ಋತು, ದಿನವೂ, ಚಿಕ್ಕ ಮಕ್ಕಳ ತರಗತಿ ನನ್ನದು. ಸೆಪ್ಟೆಂಬರಿನಲ್ಲಿ ಪರೀಕ್ಷೆ ಪಾಸಾಗಬೇಕು. ಅಡುಗೆಯ ಏಪ್ರನ್ ವಾಪಸು, ಕೆಂಪು ಜಾಕೆಟ್ ಕೈಗೆ. ಗಂಡಸರ ಅಳತೆ, ತೋಳು ಮಂಡಿಯವರೆಗೆ ಬರುತ್ತದೆ. ಆದರೂ ನಿನ್ನೆಯಿಂದ ಮನೆಯೊಳಗೂ ಹಾಕಿಕೊಂಡೇ ಓಡಾಡುತ್ತಿದ್ದೇನೆ.

ಇನ್ನು ನಿನ್ನ ಮಾತು. ಕೊನ್ಸೆಪ್ಸಿಯೋನಿನಲ್ಲಿ ನಿನ್ನ ಆಸ್ಪತ್ರೆಯ ಅಡುಗೆಮನೆಯಲ್ಲಿ ನನಗಾಗಿ ಕೆಲಸ ಗೊತ್ತು ಮಾಡಿದ್ದೀಯ. ಬೆಚ್ಚಗಿನ ಕೋಣೆ, ನಿನ್ನ ಮನೆಗೆ ಎರಡು ಬೀದಿ. ಅದಕ್ಕಾಗಿ ನೀನು ಎಷ್ಟು ಜನರ ಮುಂದೆ ನಿಂತಿರಬೇಕೆಂದು ನನಗೆ ಗೊತ್ತು. ಸಿಟ್ಟಾಗಬೇಡ, ಕಂದಾ. ಬುಧವಾರ ಕಳೆದ ಮೇಲೆ, ಆ ಎಂಟು ಮಕ್ಕಳನ್ನು ಇಳಿಸಿದ ಮೇಲೆ, ನಾನು ಹೇಗೆ ಬರಲಿ ಹೇಳು?

ರಜೆ ಸಿಕ್ಕರೆ ಬಾ. ಚೀಸ್ ತೆಗೆದಿಟ್ಟಿದ್ದೇನೆ.

ಅಪ್ಪುಗೆಗಳೊಂದಿಗೆ,
ನಿನ್ನ ಅಮ್ಮ
ನೊಲ್ಫಾ ಕತ್ರಿಲೆಯೊ, ಸ್ಕೀ ಟೀಚರ್
(ಬರೆದರೆ ಹೇಗೆ ಕಾಣುತ್ತದೆಂದು ನೋಡಿದೆ. ಚೆನ್ನಾಗಿದೆ!)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಬುಧವಾರದ ಮೇಲೆ ಹಾಕಿದ್ದು ಸುಲಭದ ನೆಪ. ಆಸ್ಪತ್ರೆಯವರಿಗೆ ನಾನು ಫೋನ್ ಮಾಡಿ ಬರುವುದಿಲ್ಲ ಎಂದದ್ದು ಮಂಗಳವಾರವೇ, ಬಿಳಿಗಾಳಿಯ ಹಿಂದಿನ ದಿನ. ಆಗ ನನಗೆ ಕೆಲಸವೂ ಖಾತ್ರಿಯಿರಲಿಲ್ಲ, ಜಾಕೆಟ್ಟೂ ಇರಲಿಲ್ಲ. ಅಂದು ಬಿಸಿಲು ಚೆನ್ನಾಗಿತ್ತು. ನೊಯೆಮಿ ಎಂಬ ಹುಡುಗಿ, ಬಂದ ದಿನದಿಂದ ಒಂದು ಮಾತೂ ಆಡದವಳು, ಯಾರ ಕೈಯನ್ನೂ ಹಿಡಿಯದೆ ಮೇಲಿಂದ ಬಂದು ತಾನಾಗಿ ನಿಂತಳು. ನಿಂತು, ಹಿಂದಿರುಗಿ ನನ್ನನ್ನು ನೋಡಿ ನಕ್ಕಳು. ನಾನು ನೇರವಾಗಿ ಅಂಗಡಿಯ ಫೋನಿಗೆ ನಡೆದೆ. ಕಾರಣ ಅಷ್ಟೇ, ಮಗಳೇ.