ಬೀರೋಲೆಯನ್ನು ಎತ್ತುವ ಮುನ್ನ

ಮೇಲ್ತದಡಿ
ನೀರೇರಿದ ನೂರ ಎಂಬತ್ತನೆಯ ವರ್ಷ, ಎರಡನೆಯ ಬೇಸಿಗೆ

…ಅಥವಾ ನೀವು ಹೇಳಿದ್ದು ‘ಹೋದ್ರೆ ಹೋಗ್ಲಿ ಬಿಡ್ರೇ’ ಎಂದಷ್ಟೇ ಇರಬಹುದು, ಬೀರಮ್ಮನವರೇ. ಉಳಿದದ್ದನ್ನು ನಾವು ಸೇರಿಸಿಕೊಂಡಿದ್ದೇವೆ. ಬಾಯಿಂದ ಬಾಯಿಗೆ ಬಂದ ಮಾತು ಸವೆಯುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಅದು ದಪ್ಪಗಾಗಿದೆ.

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ತದಡಿ ಈಗ ನೀರಿನ ಕೆಳಗಿದೆ. ಹೆಸರನ್ನು ಮಾತ್ರ ಗುಡ್ಡದ ಮೇಲಕ್ಕೆ ಹೊತ್ತು ತಂದೆವು. ನಮ್ಮ ವರ್ಷಕ್ಕೆ ಮೂರು ಬೇಸಿಗೆ. ಇಲ್ಲಿ ಎಲ್ಲರೂ ನಿಮ್ಮನ್ನು ಬೀರಜ್ಜಿ ಎನ್ನುತ್ತಾರೆ. ನನಗೆ ಸಂಕೋಚ. ಆ ಮಾತು ಹೇಳಿದ ದಿನ ನೀವು ಈಗಿನ ನನಗಿಂತ ಬಹಳ ಚಿಕ್ಕವರಿದ್ದಿರಿ.

ನಮಗೆ ತಲುಪಿದ ಕತೆ ಇಷ್ಟು. ಕಿರುಬೆರಳ ಉಗುರಿನಷ್ಟು ಪುಟ್ಟ ಕಡಲ ಹುಳ, ಬಸವನಹುಳದ ಜಾತಿ; ಅರಿಶಿನ ಬಣ್ಣದ ಚಿಪ್ಪು, ಅದನ್ನು ಸುತ್ತುವ ನೇರಳೆ ಗೆರೆ, ಬಾಯಂಚಿಗೆ ಕೆಂಪು. ಪೇಟೆಯವರಿಗೆ ಅದರ ಚಿಪ್ಪಿನ ಕಿವಿಯೋಲೆ ಬೇಕಿತ್ತು. ನೀವು ಹೆಂಗಸರು ಇಳಿತದ ಹೊತ್ತಿಗೆ ಬಂಡೆಗಳಿಂದ ಹುಳಗಳನ್ನು ಬಿಡಿಸಿ, ಮರಳಿನಲ್ಲಿ ಗುಂಡಿ ತೋಡಿ ಹೂಳುತ್ತಿದ್ದಿರಿ. ಒಳಗಿನ ಮಾಂಸ ಕೊಳೆತ ಮೇಲೆ ಚಿಪ್ಪು ತೊಳೆದು ಮಾರುವುದು. ಗುಂಡಿ ಉಬ್ಬರದ ನೀರು ಮುಟ್ಟದ ಎತ್ತರದಲ್ಲಿರಬೇಕು. ಅಂದು ಅಮಾವಾಸ್ಯೆ, ನೀರು ಎಂದಿಗಿಂತ ಮೇಲೆ ಬರುತ್ತದೆ ಎಂಬುದನ್ನು ನೀವು ಮರೆತಿರಿ. ಮರುದಿನ ಬಂದು ನೋಡಿದರೆ ಗುಂಡಿ ಕುಸಿದಿತ್ತು. ಹುಳಗಳು ಸಾಲುಗಟ್ಟಿ ಬಂಡೆ ಹತ್ತುತ್ತಿದ್ದವು.

‘ಬೀರಮ್ಮಾ, ನಿನ್ನ ಓಲೆಗೆ ಕಾಲು ಬಂತಲ್ಲೇ!’ ಎಂದು ನಿಮ್ಮ ಅತ್ತಿಗೆ ಜಟ್ಟಮ್ಮ ನಕ್ಕರಂತೆ. ‘ಅಮಾಸೆ ಗೊತ್ತಿಲ್ದವ್ಳು ಮೀನು ಹಿಡ್ಯೋ ಹರಿಕಂತ್ರರ ಮನೇಲಿ ಹ್ಯಾಂಗೆ ಹುಟ್ಟಿದ್ಯೇ ಮಾರಾಯ್ತಿ?’

ಮತ್ತೆ ಬಿಡಿಸಿಕೊಳ್ಳುವುದು ನಿಮಗೆ ಸಲೀಸಾದ ಕೆಲಸ. ನೀವು ಬಿಡಿಸಲಿಲ್ಲ. ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಕೊನೆಯ ಹುಳ ಬಂಡೆ ಏರುವವರೆಗೂ ನೋಡಿದಿರಿ. ಆಮೇಲೆ ‘ಹೋದ್ರೆ ಹೋಗ್ಲಿ’ ಎಂಬ ಆ ಮಾತು ಹೇಳಿದಿರಿ. ಏಕೆ ಎಂದು ಕತೆ ಹೇಳುವುದಿಲ್ಲ. ಕರುಣೆ ಎನ್ನುತ್ತಾರೆ ನಮ್ಮವರು. ಸುಸ್ತಾಗಿತ್ತೇನೋ ಎಂದು ನನ್ನ ಗುಮಾನಿ. ಸುಸ್ತಿನಿಂದ ಬಿಟ್ಟದ್ದಾದರೂ ಬಿಟ್ಟದ್ದೇ. ನನ್ನ ಕೃತಜ್ಞತೆ ಅದರಿಂದ ಕಡಿಮೆಯಾಗುವುದಿಲ್ಲ.

ಆ ಬಂಡೆಗೆ ನಿಮ್ಮ ಮನೆಯವರು ಮತ್ತೆ ಕೈ ಹಾಕಲಿಲ್ಲ. ಮಿಕ್ಕ ಬಂಡೆಗಳೆಲ್ಲ ಬರಿದಾದವು. ಸಮುದ್ರ ಏರಿದಂತೆ ನಮ್ಮ ಹಾಗೆಯೇ ಹುಳಗಳೂ ಮೇಲಕ್ಕೆ ಬಂದವು. ಇಂದು ಇರುವುದೆಲ್ಲ ಆ ಒಂದು ಬುಟ್ಟಿಯ ಸಂತತಿ. ಅದಕ್ಕೇ ಅವನ್ನು ಬೀರೋಲೆ ಎನ್ನುತ್ತೇವೆ, ಬೀರಮ್ಮನ ಓಲೆ.

ನಾವು ಬಿದಿರ ತಟ್ಟಿಯ ಮೇಲೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತೇವೆ. ಇದು ತೇಲುಗದ್ದೆ. ಗಾಳಿ ಬೀಸಿದ ದಿನ ಗದ್ದೆ ತಾನಾಗಿ ಪಕ್ಕದ ಮನೆಯ ಮೆಟ್ಟಿಲಿಗೆ ಹೋಗಿ ನಿಂತಿರುತ್ತದೆ. ಹುಟ್ಟು ಹಾಕಿ ವಾಪಸು ತರಬೇಕು, ಅವರ ಬೈಗುಳ ಕೇಳಬೇಕು. ಮಧ್ಯಾಹ್ನದ ಬಿಸಿಲಿಗೆ ಯಾರೂ ಹೊರಬರುವುದಿಲ್ಲ. ಬೆಳಗಿನ ಇಳಿತಕ್ಕೆ ಬೀರೋಲೆ ನೋಡಲು ಹೋಗುವುದುಂಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಈ ನಡಿಗೆಗೆ ಬೆನ್ಗೈ ಎಂದು ಹೆಸರು. ಜೀವವಿರುವ ಬೀರೋಲೆಯನ್ನು ಯಾರೂ ಮುಟ್ಟುವುದಿಲ್ಲ. ಪಾಚಿಯ ಮೇಲೆ ಬೆನ್ಗೈಯಲ್ಲಿ ನಡೆದೂ ನಡೆದೂ ನಮ್ಮೂರಲ್ಲಿ ಮೂಗು ನೆಟ್ಟಗಿರುವವರು ಕಡಿಮೆ.

ಈಗ ನೀರು ಬಿಸಿಯಾಗಿದೆ. ಚಿಪ್ಪುಗಳ ನೇರಳೆ ಮಾಸಿ, ಅಂಚು ಹಪ್ಪಳದಂತೆ ತೆಳ್ಳಗಾಗಿದೆ. ಮೂರನೆಯ ಬೇಸಿಗೆಯನ್ನು ಅವು ದಾಟಲಾರವು. ನೇತ್ರಾಣಿ ದ್ವೀಪದ ಆಚೆ, ಆಳದ ತಣ್ಣೀರು ಮೇಲೇಳುವ ಕಡೆ ಬಂಡೆಗಳಿವೆ. ಅಲ್ಲಿಗೆ ಒಯ್ದರೆ ಬದುಕಿಯಾವು. ಒಯ್ಯಬೇಕೆಂದರೆ ಮುಟ್ಟಬೇಕು. ಮೊದಲ ಬೇಸಿಗೆಯಿಡೀ ಊರಲ್ಲಿ ಇದೇ ಮಾತು. ಎಲ್ಲರಿಗೂ ಹಿರಿಯಳಾದ ನನ್ನ ಚಿಕ್ಕಿ ಮಂಕಾಳಿ, ‘ಬೀರಜ್ಜಿ ಬಿಟ್ಟದ್ದನ್ನ ಹಿಡೂಕೆ ನಾವ್ ಯಾರೋ?’ ಎಂದಳು. ಬಿಟ್ಟದ್ದು ಬದುಕಲಿ ಎಂದೇ ಅಲ್ಲವೇ ಎಂದೆ ನಾನು. ‘ಹಂಗಾರೆ ನೀನೇ ಮುಟ್ಟು. ಸಣ್ಣಂದಿಂದ ನಿನ್ ಕೈ ಸುಮ್ನೆ ಇದ್ದದ್ದೇ ಇಲ್ಲ’ ಎಂದಳು ಚಿಕ್ಕಿ. ಊರು ನಕ್ಕಿತು. ಹಾಗೆ ತೀರ್ಮಾನವಾಯಿತು.

ಇಂದು ಬೆಳಿಗ್ಗೆ ದೋಣಿಯಲ್ಲಿ ಕಡಲನೀರು ತುಂಬಿದ ಮಡಕೆಗಳನ್ನಿಟ್ಟುಕೊಂಡು ಬಂಡೆಯ ಬಳಿಗೆ ಹೋದೆ. ಚಿಕ್ಕಿ ದಡದಲ್ಲಿ ನಿಂತಿದ್ದಳು. ಬೆನ್ನ ಹಿಂದಿನಿಂದ ಕೈ ತೆಗೆದು ಒಂದು ಹುಳದ ಮೇಲೆ ಬೆರಳಿಟ್ಟೆ. ತಣ್ಣಗಿತ್ತು. ನಾನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಮುಟ್ಟಿದ್ದೇ ಅದು ಬಂಡೆಗೆ ಬಿಗಿದುಕೊಂಡಿತು. ಎಳೆದೆ, ಅಂಚಿನಲ್ಲಿ ಸಣ್ಣ ಚೂರು ಮುರಿದು ಬೆರಳಿಗಂಟಿತು. ಅಲ್ಲಿಗೇ ನಿಲ್ಲಿಸಿ, ಒಂದು ಹುಳವೂ ಇಲ್ಲದ ಮಡಕೆಗಳೊಂದಿಗೆ ಹಿಂದಿರುಗಿದೆ.

ಧನ್ಯವಾದ ಹೇಳಲು ಬರೆಯಬೇಕೆಂದಿದ್ದ ಕಾಗದ ಇದು, ಹೇಳಿದ್ದೇನೆ. ಇಷ್ಟು ತಲೆಮಾರು ಯಾರೂ ಮುಟ್ಟದ್ದರಿಂದ ಹುಳಗಳು ಉಳಿದವು. ಅದೇ ಕಾರಣಕ್ಕೆ ಅವನ್ನು ಬಿಡಿಸುವ ಬಗೆ ಇಲ್ಲಿ ಒಬ್ಬರಿಗೂ ತಿಳಿಯದು. ಒಂದು ಚಿಪ್ಪೂ ಮುಕ್ಕಾಗದ ಹಾಗೆ ಬುಟ್ಟಿ ತುಂಬಿಸುತ್ತಿದ್ದ ಕೈ ನಿಮ್ಮದು. ನಾಳೆಯ ಇಳಿತಕ್ಕೆ ಮತ್ತೆ ಹೋಗುತ್ತೇನೆ. ಬೀರಮ್ಮ, ನೀವು ಮೊದಲು ಯಾವ ಕಡೆಯಿಂದ ಬೆರಳು ಹಾಕುತ್ತಿದ್ದಿರಿ?